ಸಮುದ್ರದ ವಿಮೆಗೆ ಮಲ್ಲಯ್ಯನ ಭಂಡಾರ

ನಮ್ಮ ಕಸುಬಿನಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಊರೂರಿಗೆ ಬರುತ್ತದೆ. ನಾನು ಚಿಕ್ಕೋಡಿಯಲ್ಲಿದ್ದುಕೊಂಡು ಸಮುದ್ರದ ವಿಮೆ ಮಾರುವವನು. ಪರದೇಶಕ್ಕೆ ಹೋಗುವ ಮಾಲು ಹಡಗಿನಲ್ಲಿ ನೆನೆದರೆ, ಒಡೆದರೆ, ಮುಳುಗಿದರೆ ನಷ್ಟವನ್ನು ಕಂಪನಿ ತುಂಬಿಕೊಡಬೇಕು, ಅದೇ ಈ ವಿಮೆ. ನಮ್ಮ ಕಡೆ ಸಮುದ್ರ ಕಂಡವರೇ ಕಡಿಮೆ. ಆದರೆ ಅಥಣಿಯ ಚಪ್ಪಲಿ, ಕಾಗವಾಡದ ಒಣದ್ರಾಕ್ಷಿ, ರಾಯಬಾಗದ ಅರಿಶಿಣ ಇವೆಲ್ಲ ನಮಗಿಂತ ಮುಂಚೆ ಸಮುದ್ರ ದಾಟಿವೆ. ಪಾಲಿಸಿ ಮಾರುವ ದಿನ ನಾನು ಊರಿನ ಅಳಿಯ, ಕ್ಲೇಮು ಬಂದ ದಿನ ಊರಿನ ಕಳ್ಳ.

ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಒಂದೇ ಹಂಗಾಮಿನಲ್ಲಿ ನಡೆದದ್ದು. ಆ ಹಂಗಾಮಿನುದ್ದಕ್ಕೂ ನನ್ನ ಕೊರಳಿಗೆ ಒಂದು ಕಂಟೇನರು ಜೋತುಬಿದ್ದಿತ್ತು. ಕಾಗವಾಡದ ಕಡೆ ದ್ರಾಕ್ಷಿ ತೋಟ ಇರುವ ಒಬ್ಬ ರೈತ ಇದ್ದಾನೆ. ನನಗಿಂತ ಹಿರಿಯ, ಅಣ್ಣ ಎಂದೇ ಕರೆಯುತ್ತೇನೆ. ದಲ್ಲಾಳಿಯ ಅಂಗಳದಲ್ಲಿ ನಿಂತದ್ದು ಸಾಕು, ನಮ್ಮ ಮಾಲು ನಾವೇ ಪರದೇಶಕ್ಕೆ ಕಳಿಸೋಣ ಎಂದು ಅಕ್ಕಪಕ್ಕದ ತೋಟದವರನ್ನೆಲ್ಲ ಒಪ್ಪಿಸಿ, ಒಂದು ಸಂಘ ಕಟ್ಟಿ, ಎಲ್ಲರ ಒಣದ್ರಾಕ್ಷಿ ಕೂಡಿಸಿ ಮೊದಲ ಕಂಟೇನರು ತುಂಬಿಸಿದವನು ಅವನು. ಅತ್ತ ದೂರದ ಬಂದರಿನಲ್ಲಿ ಬಾಗಿಲು ತೆಗೆದರೆ ಕೆಳಗಿನ ಸಾಲಿನ ಪೆಟ್ಟಿಗೆಗಳು ತೊಯ್ದು, ದ್ರಾಕ್ಷಿ ಉಂಡೆಗಟ್ಟಿ ಕೂತಿತ್ತು. ಕೊಳ್ಳುವವನು ಮಾಲು ಮುಟ್ಟಲಿಲ್ಲ. ಕ್ಲೇಮಿನ ಹಣ ಬಂದರೆ ಸಂಘ ಉಳಿಯಬೇಕು, ಬರದಿದ್ದರೆ ಎಲ್ಲರೂ ತಿರುಗಿ ದಲ್ಲಾಳಿಯ ಅಂಗಳಕ್ಕೆ. ಅಣ್ಣನ ಮಾತು ನಂಬಿ ಬಂದವರು ಅವರೆಲ್ಲ. ದಾರಿಯಲ್ಲಿ ಸಿಕ್ಕರೆ ಅವನು ಅವರ ಮುಖ ನೋಡುವುದನ್ನೇ ಬಿಟ್ಟಿದ್ದ.

ನನಗೂ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಹೊಟ್ಟೆಪಾಡು ನಿಲ್ಲುತ್ತದೆಯೇ, ಊರೂರು ತಿರುಗಲೇಬೇಕು.

ಎಮ್ಮೆಯ ರಫ್ತು

ಹೊಳೆಯ ದಂಡೆಯ ಸತ್ತಿ ಎಂಬ ಊರಿನಲ್ಲಿ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ನಾಲ್ಕು ಜನರಿಗೆ ವಿಮೆಯ ಮಹಿಮೆ ಹೇಳುತ್ತಿದ್ದೆ. ಬಿಳಿ ಟೋಪಿಯ ಯಜಮಾನರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ಬಸಿಯಲ್ಲಿದ್ದ ಚಹಾ ಸೊರ್ ಎಂದು ಎಳೆದು, "ನೀರಾಗ ಹೋಗೂ ಎಲ್ಲಾದಕ್ಕೂ ವಿಮಾ ಐತೇನ್ರಿ?" ಎಂದರು.

"ಎಲ್ಲಾದಕ್ಕೂ ಅಲ್ರಿ ಕಾಕಾ. ಮಾಲು ಪರದೇಶಕ್ಕ ಹೊಂಟಿರಬೇಕು."

"ನಮ್ಮ ಎಮ್ಮಿ ದಿನಾ ಹೊಳ್ಯಾಗ ಇಳೀತೈತಿ."

"ಎಮ್ಮಿ ಮೈ ತಂಪ ಮಾಡ್ಕೊಳ್ಳಾಕ ಇಳೀತೈತ್ರಿ, ವ್ಯಾಪಾರಕ್ಕಲ್ಲ."

"ಹಂಗನಬ್ಯಾಡ್ರಿ," ಎಂದು ಅವರು ಬಸಿ ಕೆಳಗಿಟ್ಟರು. "ಮಹಾಪೂರ ಬಂದಾಗ ತೇಲಿ ಹೋಗಿ ಆಚೀ ದಂಡಿ ಹತ್ತಿತು. ನಾವು ಹುಡುಕ್ಕೋತ ಹೋಗೂದ್ರಾಗ ಅಲ್ಲಿ ಒಬ್ಬಾಕಿ ಅದರ ಹಾಲು ಹಿಂಡಿ ಡೇರಿಗೆ ಹಾಕಾಕತ್ತಿದ್ಲು. ಮಾಲು ನಮ್ಮದು, ನೀರಿನ ಮ್ಯಾಲ ಹೋತು, ಪರರ ಊರಾಗ ರೊಕ್ಕಾ ಆತು. ಎಕ್ಸ್‌ಪೋರ್ಟ್ ಅಂದ್ರ ಇನ್ನೇನ್ರೀ ಹಂಗಾರ?"

ನಾನು ಅವರ ಚಹಾದ ದುಡ್ಡನ್ನೂ ಕೊಟ್ಟು ಬೈಕು ಹತ್ತಿದೆ.

ಕರ್ರ ಕರ್ರ

ಅಥಣಿಯಲ್ಲಿ ಚಪ್ಪಲಿ ಮಾಡಿಸಿ ಪರದೇಶಕ್ಕೆ ಕಳಿಸುವ ಕಾಕಾ ಒಬ್ಬರಿದ್ದಾರೆ. ಅವರ ಮಾಲು ತಲುಪಿದ ಮೇಲೆ ಅಲ್ಲಿ ಕೊಂಡವನು ತಕರಾರು ಹಾಕಿದ: ಹಡಗಿನ ತಂಪಿಗೆ ತೊಗಲು ಕೆಟ್ಟಿದೆ, ನಡೆದರೆ ಸಪ್ಪಳ ಬರುತ್ತದೆ, ನಷ್ಟ ತುಂಬಿ ಕೊಡಿ. ಬೆಳಗಾವಿಯ ಆಫೀಸಿನಲ್ಲಿ ಕ್ಲೇಮು ನೋಡುವ ಸಾಹೇಬರು ನನಗೆ ಫೋನ್ ಮಾಡಿದರು. ಅವರು ಮೈಸೂರು ಕಡೆಯವರು, ಈ ಸೀಮೆಗೆ ಹೊಸಬರು, ಒಳ್ಳೆಯವರು, ಆದರೆ ಯಾವುದನ್ನೂ ಕಣ್ಣಾರೆ ಕಾಣದೆ ನಂಬುವವರಲ್ಲ.

"ಒಂದು ಸಲ ಅಥಣಿಗೆ ಹೋಗಿ ಬನ್ನಿ. ಆ ಸಪ್ಪಳ ಹಡಗು ಹತ್ತುವ ಮುಂಚೆಯೇ ಇತ್ತೋ, ಆಮೇಲೆ ಬಂತೋ, ತಿಳಿದು ಹೇಳಿ."

ಹೋದೆ. ವಿಷಯ ಹೇಳಿದ್ದೇ ತಡ, ಕಾಕಾ ಎದ್ದು ಹೊಸ ಜೋಡಿ ಮೆಟ್ಟಿಕೊಂಡು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಕರ್ರ ಕರ್ರ, ಕರ್ರ ಕರ್ರ. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ದಾರಿ ಬಿಟ್ಟಿತು.

"ಕೇಳಿದ್ರಿ? ಇದಕ್ಕ ಕರಕರಿ ಚಪ್ಲಿ ಅಂತಾರ. ಈ ಸಪ್ಪಳ ಬರಲಿ ಅಂತನ ಒಳಗ ಬ್ಯಾರೆ ಕೆಲಸ ಮಾಡ್ತೇವಿ. ಸಪ್ಪಳಾ ಇಲ್ಲಂದ್ರ ನಮ್ಮ ಮಂದಿ ಚಪ್ಲಿ ವಾಪಸ್ ಕೊಡ್ತಾರ, ಇಂವಾ ಐತಿ ಅಂತ ವಾಪಸ್ ಕೊಡಾಕತ್ತಾನ!"

ನಾನು ಫೋನಿನಲ್ಲೇ ಸಾಹೇಬರಿಗೆ ಆ ಸಪ್ಪಳ ಕೇಳಿಸಿದೆ. ಅವರು "ಇದು ನಷ್ಟ ಅಲ್ಲ ಹಾಗಾದರೆ, ಗುಣಮಟ್ಟ" ಎಂದರು. ಅಲ್ಲಿಯವನಿಗೂ ತಿಳಿಸಿ ಹೇಳಿದ್ದಾಯಿತು. ಮುಂದಿನ ಸಲ ಸಪ್ಪಳ ಇಲ್ಲದ ಚಪ್ಪಲಿ ಕಳಿಸಿ ಎಂದು ಅವನು ಕೇಳಿಕೊಂಡ.

ಕಾಕಾ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು: "ಸಪ್ಪಳ ಇಲ್ಲದ್ದ ಕಳಸ್ತೀನಿ. ಆದ್ರ ಅತ್ತಿ ಹಿಂದ ಬಂದ ನಿಂತದ್ದ ಗೊತ್ತಾಗಲಿಲ್ಲ, ಆಡಿದ ಮಾತ ಎಲ್ಲಾ ಕೇಳಿಸಿಕೊಂಡ್ಲು ಅಂತ ಆಮ್ಯಾಲ ಅಲ್ಲಿ ಸೊಸೆಂದಿರು ನನ್ನ ಮ್ಯಾಲ ಕ್ಲೇಮ್ ಹಾಕಬಾರದು ನೋಡ್ರಿ."

ಎಲ್ಲ ಫೋಟೋದಲ್ಲೂ ಒಂದು ಕೈ

ಇನ್ನು ನನ್ನ ಕೊರಳಿನ ಕಂಟೇನರಿಗೆ ಬರೋಣ. ಅದನ್ನು ತುಂಬಿಸಿದ ದಿನ ನಾನೂ ಅಲ್ಲಿದ್ದೆ. ಖಾಲಿ ಕಂಟೇನರಿನ ನೆಲ, ಪ್ರತಿ ಸಾಲು ಪೆಟ್ಟಿಗೆ, ಕಡೆಗೆ ಮುಚ್ಚಿದ ಬಾಗಿಲು, ಎಲ್ಲದರ ಫೋಟೋ ತೆಗೆದು ಕಂಪನಿಗೆ ಕಳಿಸುವುದು ನನ್ನ ಕೆಲಸ.

ಕಂಟೇನರು ಹೊತ್ತ ಲಾರಿ ಬಂದು ಶೆಡ್ಡಿನ ಮುಂದೆ ನಿಂತಿತೋ ಇಲ್ಲವೋ, ಅಣ್ಣನ ತಾಯಿ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಹಳದಿ ಗಂಟು ಹಿಡಿದು ಹಾಜರಾದರು. ಎಲ್ಲರೂ ಅವರಿಗೆ ಆಯಿ ಎನ್ನುತ್ತಾರೆ. ಗಂಟಿನಲ್ಲಿದ್ದದ್ದು ಮಂಗಸೂಳಿ ಮಲ್ಲಯ್ಯನ ಭಂಡಾರ, ಅಂದರೆ ದೇವರಿಗೆ ಏರಿಸಿದ ಅರಿಶಿಣದ ಪುಡಿ. ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಬಂದರೂ ಭಂಡಾರ, ಬೋರಿಗೆ ನೀರು ಬಿದ್ದರೂ ಭಂಡಾರ, ಮದುಮಗ ಬಂದರೂ ಭಂಡಾರ. ಕಂಟೇನರಿಗೆ ಯಾಕೆ ಬೇಡ?

ಆಯಿ ಕಾಯಿ ಒಡೆದು, ಸ್ಟೂಲಿನ ಮೇಲೆ ಕಾಲಿಟ್ಟು ಕಂಟೇನರಿನೊಳಗೆ ಹೊಕ್ಕರು. "ಏಳಕೋಟ, ಏಳಕೋಟ!" ಎಂದು ಮಲ್ಲಯ್ಯನಿಗೆ ಜಯಕಾರ ಹಾಕುತ್ತ ನೆಲದ ಹಲಗೆ ಕಾಣದ ಹಾಗೆ ಮೂಲೆಮೂಲೆಗೂ ಭಂಡಾರ ತೂರಿದರು. ಅಷ್ಟಕ್ಕೇ ಬಿಡಲಿಲ್ಲ. ಪೆಟ್ಟಿಗೆಯ ಒಂದೊಂದು ಸಾಲು ಮೇಲೇರಿದ ಹಾಗೆ ಒಂದೊಂದು ಮುಷ್ಟಿ. ನಾನು ಫೋಟೋ ಕ್ಲಿಕ್ ಮಾಡುವುದಕ್ಕೂ ಅವರ ಕೈ ಅಡ್ಡ ಬರುವುದಕ್ಕೂ ಸರಿಹೋಗುತ್ತಿತ್ತು. ಉತ್ತರ ಭಾರತದ ಕಡೆಯ ಡ್ರೈವರ್ ಪಾಪ, ಸೀನಿ ಸೀನಿ ಮೂಗು ಕೆಂಪಾಗಿಸಿಕೊಂಡಿದ್ದ. "ಸೀನಿದ್ರ ಅಪಶಕುನ, ಅವನ ಹಣಿಗೂ ಒಂದೀಟ ಹಚ್ಚತೇನಿ" ಎಂದು ಆಯಿ ಅವನನ್ನೂ ಬಿಡಲಿಲ್ಲ.

ಫೋಟೋ ಕಂಪನಿಗೆ ಮುಟ್ಟಿದ ದಿನ ಸಾಹೇಬರ ಫೋನ್ ಬಂತು. ಮೊಬೈಲಿನ ಸಣ್ಣ ಪರದೆಯಲ್ಲಿ ಅವರಿಗೆ ಕೈ ಕಂಡಿತ್ತು, ಮುಷ್ಟಿಯಲ್ಲಿ ಏನಿದೆ ಎಂಬುದು ಕಂಡಿರಲಿಲ್ಲ, ನೆಲದ ಹಳದಿಯನ್ನು ಹಲಗೆಯ ಬಣ್ಣ ಎಂದುಕೊಂಡಿದ್ದರು.

"ಎಲ್ಲ ಫೋಟೋದಲ್ಲೂ ಒಂದು ಬಳೆ ತೊಟ್ಟ ಕೈ ಇದೆಯಲ್ಲ, ಯಾರದು?"

"ಅವರ ತಾಯೀದು ಸರ್."

"ಕಡೆಯ ಫೋಟೋದಲ್ಲಿ ಬಾಗಿಲು ಮುಚ್ಚಿದೆ. ಅವರು ಹೊರಗೆ ಬಂದರು ತಾನೆ?"

ಎಲ್ಲರ ಮಾಲೂ ಖಡಕ್

ಮಾಲು ಕೆಟ್ಟ ಸುದ್ದಿ ಬಂದ ಮೇಲೆ ಕಂಪನಿ ಎರಡು ತಕರಾರು ತೆಗೆಯಿತು. ಮೊದಲನೆಯದು, ದ್ರಾಕ್ಷಿಯನ್ನು ಸರಿಯಾಗಿ ಒಣಗಿಸದೆ ತುಂಬಿದ್ದೀರಿ, ಅದರ ಹಸಿಯೇ ಬೆವರಿ ಪೆಟ್ಟಿಗೆ ನೆನೆಸಿದೆ, ಸಮುದ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದು, ಪೆಟ್ಟಿಗೆಗಳ ಮೇಲೆ ಗೊತ್ತಿಲ್ಲದ ಹಳದಿ ಪುಡಿ ಸಿಕ್ಕಿದೆ, ಅಂದರೆ ತುಂಬುವಾಗಲೇ ಮಾಲು ಕೆಡಿಸಿದ್ದೀರಿ. ಆ ಪುಡಿ ಏನೆಂದು ತಿಳಿಯಲು ಅಲ್ಲಿಯವರು ಅದನ್ನು ಲ್ಯಾಬಿಗೆ ಕಳಿಸಿದ್ದರಂತೆ. ಅರಿಶಿಣ ಎಂದು ವರದಿ ಬಂದಿತ್ತು.

ಮೊದಲನೆಯ ತಕರಾರಿಗಾಗಿ ಸಾಹೇಬರು ಖುದ್ದು ತೋಟಕ್ಕೆ ಬಂದರು. ಸಂಘದವರೆಲ್ಲ ಅಣ್ಣನ ಶೆಡ್ಡಿನಲ್ಲಿ ಸೇರಿದ್ದರು. ದ್ರಾಕ್ಷಿ ಬಲೆಯ ಮೇಲೆ ಹೇಗೆ ಒಣಗುತ್ತದೆ, ಎಷ್ಟು ಒಣಗಿದರೆ ಇಳಿಸುತ್ತಾರೆ ಎಂದು ಅಣ್ಣ ಚೆನ್ನಾಗಿಯೇ ತೋರಿಸಿದ. ಸಾಹೇಬರ ಮುಖ ತಿಳಿಯಾಯಿತು. ಇನ್ನೇನು ನಾವು ಗೆದ್ದೆವು ಎಂದುಕೊಂಡೆ. ಆಗ ಅವರು, "ಹಾಗಾದರೆ ಎಲ್ಲರ ಮಾಲೂ ಇಷ್ಟೇ ಒಣಗಿತ್ತೇ?" ಎಂದು ಸುಮ್ಮನೆ ಕೇಳಿದರು.

ಮುಂದೆ ಕೂತಿದ್ದವರೊಬ್ಬರು ಎದೆಯುಬ್ಬಿಸಿ, "ನನ್ನ ಮಾಲಂತೂ ಏಕದಮ್ ಖಡಕ್ ಇತ್ರಿ ಸಾಹೇಬ್ರ. ಮಗ್ಗಲ ತ್ವಾಟದವಂದ ಒಂದೀಟ ಹಸಿ ಇದ್ರ ಇರಬೇಕು" ಎಂದರು.

ಮಗ್ಗುಲ ತೋಟದವರು ಸುಮ್ಮನಿರುತ್ತಾರೆಯೇ? "ಏ, ನಂದು ಹಸೀನ? ಕೈಯಾಗ ಹಿಡಿದ್ರ ಗಲಗಲ ಅಂತಿತ್ತು! ಹಸಿ ಮಾಲು ತಂದಾವ ಇಂವಾ, ಮಳಿ ಮಾಡ ಆಗೇತಿ ಅಂತ ಗಡಬಡಿಸಿ ಇಳಿಸಿದಾಂವ."

"ಯಾರೋ ಗಡಬಡಿಸಿದ್ದು? ನಾನು ಎಲ್ಲಾರ್ಕಿಂತ ಕಡೀಕ ಇಳಿಸೀನಿ! ಆ ಕಡೀ ಮನಿಯವರನ್ನ ಕೇಳ್ರಿ."

ಒಬ್ಬರಾದ ಮೇಲೆ ಒಬ್ಬರು ಎದ್ದರು. ಪ್ರತಿಯೊಬ್ಬರ ಮಾಲೂ ಖಡಕ್, ಪ್ರತಿಯೊಬ್ಬರ ಮಗ್ಗುಲವರದೂ ಹಸಿ. ನಾನು ಕಣ್ಣು ಸನ್ನೆ ಮಾಡಿದೆ, ಕೆಮ್ಮಿದೆ, ಒಬ್ಬರ ಕಾಲು ತುಳಿದೆ. ನಮ್ಮ ಮಂದಿಗೆ ಬೆಳೆಯ ಮಾತು ಬಂದರೆ ಸ್ವಂತ ತಮ್ಮನೂ ಕಣ್ಣಿಗೆ ಕಾಣುವುದಿಲ್ಲ.

ಸಾಹೇಬರು ಪೆನ್ನು ಮುಚ್ಚಿ ಜೇಬಿಗೆ ಇಟ್ಟರು. "ನೀವು ಹೇಳಿದ್ದನ್ನೇ ಬರೆದುಕೊಂಡರೆ, ಆ ಕಂಟೇನರಿನಲ್ಲಿ ಹಸಿ ಇಲ್ಲದ ದ್ರಾಕ್ಷಿಯೇ ಇರಲಿಲ್ಲ" ಎಂದರು.

ಅವರ ಕಾರು ತಿರುವು ದಾಟಿದ ಮೇಲೆ ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. "ತಮ್ಮಾ, ಕಂಪನಿಗೆ ಬ್ಯಾರೆ ವಕೀಲ ಬ್ಯಾಡ ಬಿಡು. ನಮ್ಮ ಸಂಘಾನ ಸಾಕು" ಎಂದ.

ಹಣೆ ಒರೆಸಿಕೊಂಡದ್ದು

ಕಡೆಯ ಮಾತುಕತೆಗೆ ಬೆಳಗಾವಿಗೆ ಬನ್ನಿ ಎಂದು ಕರೆ ಬಂತು. ಹಿಂದಿನ ದಿನ ಅಣ್ಣ ಒಂದು ಉಪಾಯ ಹೂಡಿದ್ದ. "ಹಳದಿ ಪುಡಿ ನಮ್ಮದಲ್ಲ ಅನ್ನೂದು. ಆ ಕಂಟೇನರಿನ್ಯಾಗ ಮೊದಲ ಯಾರದೋ ಅರಿಶಿಣ ಹೋಗಿರಬೇಕು, ಉಳದದ್ದ ಉದುರೈತಿ ಅನ್ನೂದು." ನನಗೆ ಸುಳ್ಳು ರುಚಿಸಲಿಲ್ಲ, ಬೇಡ ಎಂದೆ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆಯಿಯನ್ನು ಮಾತ್ರ ಕರೆದುಕೊಂಡು ಹೋಗಬಾರದು ಎಂಬುದರಲ್ಲಿ ನಾವಿಬ್ಬರೂ ಒಂದಾಗಿದ್ದೆವು.

ಬೆಳಗ್ಗೆ ಹೋಗಿ ನೋಡಿದರೆ ಆಯಿ ಇಳಕಲ್ಲ ಸೀರೆ ಉಟ್ಟು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದರು. "ಮದ್ಲ ಮಂಗಸೂಳಿಗೆ ಹೊಡಿ. ದೇವರಿಗೆ ಹೇಳದ ಕೋರ್ಟಿಗೆ ಹೋಗೂದ?" ಎಂದರು. ಕೋರ್ಟಲ್ಲ, ಆಫೀಸು ಎಂದರೆ ಕೇಳುವವರು ಯಾರು? ಮಂಗಸೂಳಿಗೆ ಹೋಗಿ, ದರ್ಶನ ಮಾಡಿ, ಬೆಳಗಾವಿಯ ದಾರಿ ಹಿಡಿದೆವು.

ಸಾಹೇಬರು ನಮ್ಮನ್ನು ಕೂರಿಸಿ, ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಆ ಬಂದರಿನ ಫೋಟೋ ತೆಗೆದರು. "ಈ ಹಳದಿ ಪುಡಿ ನಿಮ್ಮದೇ?"

ಅಣ್ಣ ಗಂಟಲು ಸರಿಮಾಡಿಕೊಂಡ. "ಅಲ್ರಿ ಸರ್. ನಮಗೂ ಅರಿಶಿಣಕ್ಕೂ ಸಂಬಂಧನ ಇಲ್ಲ."

ಸಾಹೇಬರು ಅಣ್ಣನ ಮುಖವನ್ನೇ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅಣ್ಣ ಥಟ್ಟನೆ ಹಣೆ ಒರೆಸಿಕೊಂಡ. ಬೆಳಗ್ಗೆ ಮಂಗಸೂಳಿಯಲ್ಲಿ ಹಚ್ಚಿಕೊಂಡ ಭಂಡಾರ ಹಣೆಯಿಂದ ಅಂಗೈಗೆ ಬಂತು, ಅಂಗೈಯಿಂದ ಬಿಳಿ ಅಂಗಿಗೆ ಹೋಯಿತು, ಅಂಗಿಯಿಂದ ಸಾಹೇಬರ ಟೇಬಲ್ಲಿಗೆ. ನಾನು ನನ್ನ ಹಣೆ ಮುಟ್ಟಿಕೊಳ್ಳದೆ ಕೈ ಕಟ್ಟಿ ಕೂತೆ, ಅದೂ ಹಳದಿಯೇ ಇತ್ತು.

ಆಯಿ ಆಗ ಎದ್ದರು. "ಸುಳ್ಳ ಯಾಕ ಹೇಳ್ತಿ ಲೇ? ಯಪ್ಪಾ ಸಾಹೇಬಾ, ಅದನ್ನ ಹಾಕಿದಾಕಿ ನಾನು. ಮಲ್ಲಯ್ಯನ ಭಂಡಾರ ಅದು. ಹಾಕಿದ್ರ ತಪ್ಪೇನು?"

ಅಣ್ಣ ಕಣ್ಣು ಮುಚ್ಚಿಕೊಂಡ. ಮುಗಿಯಿತು ಎಂದುಕೊಂಡೆ. ಆದರೆ ಆಯಿ ಕೂತುಕೊಳ್ಳಲಿಲ್ಲ. ಪರದೆಯ ಹತ್ತಿರ ಹೋಗಿ ಬಗ್ಗಿ ಬಗ್ಗಿ ನೋಡಿದರು. ಅವರ ದನಿ ಏರಿತು.

"ಮ್ಯಾಗಿನ ಪೆಟ್ಟಿಗಿ ಮ್ಯಾಲ ಐತಿ. ಕೆಳಗಿಂದೆಲ್ಲಿ? ನೆಲ ತುಂಬ ಹಾಕಿದ್ನೆಲ್ಲ, ಹಲಗಿ ಕಾಣದಂಗ! ಗಂಟಿನ್ಯಾಗಿಂದ ಅರ್ಧಕ್ಕರ್ಧ ನೆಲಕ್ಕ ಹಾಕೀನಿ. ಎಲ್ಲಿ ಹೋತದು? ದೇವರ ಭಂಡಾರ ಯಾರ ಬಳಕೊಂಡ ಒಯ್ದ್ರು? ನಿಮ್ಮ ಕಂಪನಿಯವರ ಏನು?"

ವಿಮೆ ಕೇಳಲು ಬಂದವರು ವಿಮೆ ಕಂಪನಿಯ ಮೇಲೆ ಭಂಡಾರದ ಕಳವಿನ ಆರೋಪ ಹೊರಿಸಿದ್ದು ನನ್ನ ಅನುಭವದಲ್ಲಿ ಅದೇ ಮೊದಲು. "ಅಮ್ಮಾ, ಯಾರೂ ತೆಗೆದಿಲ್ಲ, ಕೂತ್ಕೊಳ್ಳಿ, ತೋರಿಸ್ತೀನಿ" ಎಂದು ಸಾಹೇಬರು ಗಾಬರಿಯಲ್ಲಿ, ಮಾಲು ತುಂಬುವಾಗ ನಾನು ತೆಗೆದ ಫೋಟೋಗಳನ್ನೂ ಪರದೆಗೆ ತಂದು ಮಗ್ಗುಲಿಗೆ ಮಗ್ಗುಲು ಇಟ್ಟರು.

ಆಯಿ ಹೇಳಿದ್ದು ಖರೆ ಇತ್ತು. ಇಲ್ಲಿಂದ ಹೋಗುವಾಗ ನೆಲವೆಲ್ಲ ಹಳದಿ. ಅಲ್ಲಿ ತೆಗೆದಾಗ ನೆಲದಲ್ಲಿ ಪುಡಿಯೇ ಇಲ್ಲ, ಹಳದಿ ಕೆಸರು ಹರಿದು ಬಾಗಿಲಿನ ಒಂದು ಮೂಲೆಗೆ ಸೇರಿದ ಗುರುತು. ಕೆಳಗಿನ ಪೆಟ್ಟಿಗೆಗಳ ಸುತ್ತ, ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ, ಗೆರೆ ಎಳೆದ ಹಾಗೆ ಹಳದಿ ಕಲೆ. ಮೇಲಿನ ಪೆಟ್ಟಿಗೆಗಳ ಮೇಲೆ ಮಾತ್ರ ಭಂಡಾರ ಹಾಕಿದ ಹಾಗೆಯೇ ಒಣಗಿ ಕೂತಿತ್ತು.

ಸಾಹೇಬರು ಎರಡೂ ಫೋಟೋಗಳನ್ನು ಬೆರಳಿಟ್ಟು ಹೋಲಿಸಿ ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ, "ದ್ರಾಕ್ಷಿಯ ಹಸಿ ಬೆವರಾಗಿ ಮೇಲಿಂದ ತೊಟ್ಟಿಕ್ಕಿದ್ದರೆ ಮೇಲಿನ ಪುಡಿ ಮೊದಲು ನೆನೆಯಬೇಕಿತ್ತು. ಅದು ಒಣಗಿದೆ. ನೀರು ಕೆಳಗಿನಿಂದ ಬಂದಿದೆ, ಹೊರಗಿನಿಂದ ಬಂದಿದೆ" ಎಂದರು. ಪರದೆಯ ಮೂಲೆಯನ್ನು ದೊಡ್ಡದು ಮಾಡಿದರು. ತುಕ್ಕು ತಿಂದು ಬಿದ್ದ ತೂತು ಅಲ್ಲಿತ್ತು.

ಅಲ್ಲಿಯವರಿಗೆ ಹೇಳಿ ನೆನೆದ ರಟ್ಟನ್ನು ಪರೀಕ್ಷೆ ಮಾಡಿಸಿದರು. ಸಮುದ್ರದ ಉಪ್ಪು ಸಿಕ್ಕಿತು. ಕ್ಲೇಮು ಪಾಸಾಯಿತು. ಸುದ್ದಿ ಹೇಳಲು ನಾನೇ ತೋಟಕ್ಕೆ ಹೋದೆ. ಅಣ್ಣ ಎದ್ದವನೇ ಮಗ್ಗುಲ ತೋಟದ ಕಡೆ ಓಡಿದ. ಅವನು ಅವರ ಹೆಸರು ಹಿಡಿದು ಕೂಗುವುದು ಬೇಲಿಯಾಚೆಯಿಂದ ಕೇಳಿಸಿ ನನ್ನ ಕಣ್ಣು ತುಂಬಿ ಬಂತು.

ಆಯಿಗೆ ಮಾತ್ರ ಒಂದು ಅನುಮಾನ ಉಳಿದೇ ಇತ್ತು. "ಅದೆಲ್ಲಾ ಖರೇ ತಮ್ಮಾ. ನೆಲದ ಭಂಡಾರ ಕಡೀಕ ಯಾರಿಗೆ ಹೋತು?"

"ಸಮುದ್ರಕ್ಕ ಹೋತ್ರಿ ಆಯಿ."

"ಆಗಲಿ ಬಿಡು. ಅದಕೂ ಯಾರ ಹಚ್ಚತಾರ, ಪಾಪ" ಎಂದರು.

ಹಳದಿ ಎಲ್ಲಿ?

ಸಂಘ ಉಳಿಯಿತು. ಒಬ್ಬರೂ ಬಿಟ್ಟು ಹೋಗಲಿಲ್ಲ, ಇಬ್ಬರು ಹೊಸಬರು ಸೇರಿದರು. ಎರಡನೆಯ ಕಂಟೇನರಿನ ಹೊತ್ತಿಗೆ ಸಾಹೇಬರು ನನ್ನನ್ನು ಕರೆದು ಕಟ್ಟುನಿಟ್ಟಾಗಿ ಹೇಳಿದರು: "ಕಳೆದ ಸಲ ಅನುಕೂಲ ಆಯಿತು, ಸರಿ. ಆದರೆ ತಿನ್ನುವ ಮಾಲು. ಈ ಸಲ ಒಳಗೆ ಒಂದು ಚಿಟಿಕೆಯೂ ಬೀಳಬಾರದು. ಆ ಕೈ ಫೋಟೋದಲ್ಲಿ ಕಾಣಬಾರದು."

ಆಯಿಯನ್ನು ಒಪ್ಪಿಸುವಷ್ಟರಲ್ಲಿ ನನ್ನ ಜೀವ ಹೈರಾಣಾಯಿತು. ಕಡೆಗೆ ಹೊರಗಿನ ಬಾಗಿಲಿಗೆ ಐದು ಬೆರಳು ಒತ್ತಿ, ಕಾಯಿ ಒಡೆದು, ಮುಖ ಊದಿಸಿಕೊಂಡು ಬದಿಗೆ ನಿಂತರು. ಕಂಟೇನರು ಹೋಯಿತು. ದಾರಿಯ ಮಳೆಗೆ ಆ ಬೆರಳ ಗುರುತೂ ತೊಳೆದು ಹೋಗಿರಬೇಕು.

ಮಾಲು ಚೆನ್ನಾಗಿ ತಲುಪಿತು. ಒಂದು ಪೆಟ್ಟಿಗೆಯೂ ನೆನೆದಿರಲಿಲ್ಲ. ಆದರೂ ಕೊಳ್ಳುವವನು ಬಾಗಿಲು ತೆರೆದವನೇ ಮಾಲು ಇಳಿಸದೆ ಹಾಗೇ ನಿಲ್ಲಿಸಿ, ತಕರಾರು ಕಳಿಸಿದ. ಸಾಹೇಬರು ಅದನ್ನು ಫೋನಿನಲ್ಲಿ ಓದಿ ಹೇಳಿದರು. ಅವರ ದನಿಯಲ್ಲಿ ನಗುವೋ ಅಳುವೋ ತಿಳಿಯಲಿಲ್ಲ.

"ಕಳೆದ ಸಲ ನಿಮ್ಮ ಹಳದಿ ಪುಡಿಯಿಂದ ನೀರು ಎಲ್ಲಿ ಹೊಕ್ಕಿತು ಎಂದು ಸ್ಪಷ್ಟವಾಗಿ ತಿಳಿಯಿತು. ಬಹಳ ಒಳ್ಳೆಯ ಪದ್ಧತಿ. ಈ ಸಲ ಅದು ಕಾಣುತ್ತಿಲ್ಲ. ಈ ಮಾಲು ನಿಮ್ಮ ಸಂಘದ್ದೇ ಹೌದೇ? ದಯವಿಟ್ಟು ಖಚಿತಪಡಿಸಿ."

ನಾನು ಆ ಮಾತನ್ನು ತೋಟಕ್ಕೆ ಹೋಗಿ ಎಲ್ಲರ ಮುಂದೆ ಹೇಳಿದೆ. ಸಂಘದವರು ನಕ್ಕು ನಕ್ಕು ಬಿದ್ದರು. ಮುಂದಿನ ಕಂಟೇನರಿಗೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಕೆಳಗೆ ಮಾತ್ರ ಭಂಡಾರ ಹಾಕಬಹುದು ಎಂದು ಸಾಹೇಬರು ಒಪ್ಪಿದ್ದನ್ನೂ ಹೇಳಿದೆ. ಆಯಿ ಮಾತ್ರ ನಗಲಿಲ್ಲ. ಸೆರಗು ಸರಿಮಾಡಿಕೊಂಡು, ಬಹಳ ವಿಚಾರ ಮಾಡಿದವರ ಹಾಗೆ ನನ್ನನ್ನು ಹತ್ತಿರ ಕರೆದರು.

"ಅಂದ್ರ ಸಮುದ್ರದಾಗ ಮಾಲು ಕಾಯಾಂವ ನಮ್ಮ ಮಲ್ಲಯ್ಯ ಅಂತ ನಿಮ್ಮ ಸಾಹೇಬ ಒಪ್ಪಿದಂಗಾತು."

"ಹೌದ್ರಿ ಆಯಿ, ಒಪ್ಪಿದಂಗನ."

"ಹಂಗಾದ್ರ ನಮ್ಮ ಕಡಿಂದ ಒಂದು ಮಾತ ಕೇಳು. ಅರ್ಧಾ ಕೆಲಸ ದೇವರು ಮಾಡಾಕತ್ತಾನಂದ್ರ, ವಿಮಾದ ಕಂತು ನಿಮ್ಮ ಸಾಹೇಬ ಯಾಕ ಪೂರಾ ತಗೋತಾನ?"